ಪಲೆರ್ಮೊವನ್ನು ನಾನು ನೋಡಿದ ಬಗೆ

ಇಟಲಿಯ ಸಿಸಿಲಿ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರು ಪಲೆರ್ಮೊದಲ್ಲಿ ಒಂದು ರಾತ್ರಿ ತಂಗಿ, ಬೆಳಗಾದರೆ ಎಟ್ನಾ ಪರ್ವತಕ್ಕೋ ತಾವೊರ್ಮಿನಾಕ್ಕೋ ಹೊರಟುಬಿಡುತ್ತಾರೆ. ನಾನು ಅಕ್ಟೋಬರಿನ ರಜೆಯನ್ನೆಲ್ಲ ಈ ಒಂದೇ ಊರಿಗೆ ಕೊಟ್ಟೆ. 831ರಲ್ಲಿ ಅರಬರ ಕೈಸೇರಿದ ಈ ನಗರವನ್ನು 1072ರಲ್ಲಿ ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು ಗೆದ್ದರು. ಆದರೆ ಅಲ್ಲಿದ್ದ ಅರಬ್ ಕುಶಲಕರ್ಮಿಗಳನ್ನೂ ಗ್ರೀಕರನ್ನೂ ಓಡಿಸದೆ ಕೆಲಸಕ್ಕೆ ಹಚ್ಚಿದರು. ಆ ಬೆರಕೆಯನ್ನು ಕಣ್ಣಾರೆ ನೋಡಬೇಕೆಂಬುದೇ ನನ್ನ ಆಸೆಯಾಗಿತ್ತು.

ವಿಮಾನ ನಿಲ್ದಾಣ ಊರಿನಿಂದ ಸುಮಾರು 35 ಕಿ.ಮೀ. ದೂರ, ರೈಲೂ ಇದೆ, ಬಸ್ಸೂ ಇದೆ. ಹಳೆಯ ಊರಿನೊಳಗೆ ಕೋಣೆ ಹಿಡಿದರೆ ವಾಹನದ ಗೊಡವೆ ಬೇಡ. ವಿಯಾ ಮಕ್ವೆದಾ ಮತ್ತು ವಿಟ್ಟೋರಿಯೊ ಎಮಾನುಯೆಲೆ ಎಂಬ ಎರಡು ನೇರ ರಸ್ತೆಗಳು ಕ್ವಾತ್ರೊ ಕಾಂತಿ ಎಂಬ ಚೌಕದಲ್ಲಿ ಕೂಡುತ್ತವೆ; ದಾರಿ ತಪ್ಪಿದಾಗಲೆಲ್ಲ ಅಲ್ಲಿಗೆ ಬಂದು ನಿಂತರೆ ದಿಕ್ಕು ತಿಳಿಯುತ್ತದೆ. ಮಧ್ಯಾಹ್ನ ಎಷ್ಟೋ ಅಂಗಡಿಗಳೂ ಚರ್ಚುಗಳೂ ಬಾಗಿಲು ಹಾಕಿಕೊಳ್ಳುತ್ತವೆ. ಅದಕ್ಕೆ ಗೊಣಗುವ ಬದಲು ನಾನೂ ಉಂಡು ಮಲಗುತ್ತಿದ್ದೆ. ಸಂಜೆ ಬೀದಿಗಳು ಮತ್ತೆ ತುಂಬುತ್ತವೆ.

ಬೆಳಗ್ಗೆ ಹೋಗಬೇಕಾದದ್ದು ಬಲ್ಲಾರೊ ಸಂತೆಗೆ. ಮೀನು, ಬದನೆ, ಕೇಪರ್ ಮೊಗ್ಗು, ವ್ಯಾಪಾರಿಗಳ ಕೂಗು. ಕೈಚೀಲದ ಮೇಲೆ ಒಂದು ಕಣ್ಣಿರಲಿ. ಸಸ್ಯಾಹಾರಿಗಳ ಪಾಲಿನ ದೊಡ್ಡ ಭಾಗ್ಯ ಇಲ್ಲಿನ ಪನೆಲ್ಲೆ. ಕಡಲೆ ಹಿಟ್ಟನ್ನು ನೀರಿನಲ್ಲಿ ಕಾಯಿಸಿ, ಹಾಲುಬಾಯಿಯಂತೆ ಹರಡಿ ಆರಿಸಿ, ತೆಳ್ಳಗೆ ಕತ್ತರಿಸಿ ಎಣ್ಣೆಗೆ ಬಿಡುತ್ತಾರೆ. ಎಳ್ಳು ಮೆತ್ತಿದ ಬನ್ನಿನೊಳಗೆ ಬಿಸಿಬಿಸಿಯಾಗಿ ಇಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ದಿನಕ್ಕೊಂದು ಹೊತ್ತು ನನಗೆ ಅದೇ ಊಟ. ಉಳಿದವುಗಳನ್ನು ಕೇಳಿಯೇ ಕೊಳ್ಳಬೇಕು. ಸ್ಫಿಂಚೊನೆ ಎಂಬ ದಪ್ಪ ರೊಟ್ಟಿಯ ಈರುಳ್ಳಿ ಗೊಜ್ಜಿನಲ್ಲಿ ಆಂಚೊವಿ ಮೀನು ಕರಗಿರುತ್ತದೆ. ಬೆಣ್ಣೆಯ ಹೆಸರು ಹೊತ್ತ ಅರಾಂಚೀನಾ ಎಂಬ ಕರಿದ ಅನ್ನದ ಉಂಡೆಯೊಳಗೆ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ನಾರ್ಮನ್ನರ ಅರಮನೆಯೊಳಗಿನ ಪಲಾತಿನಾ ಪ್ರಾರ್ಥನಾಮಂದಿರದಲ್ಲಿ. 1130ರಲ್ಲಿ ಪಟ್ಟಕ್ಕೇರಿದ ನಾರ್ಮನ್ ದೊರೆ ಎರಡನೆಯ ರೋಜರ್ ಕಟ್ಟಿಸಿದ್ದು. ಗೋಡೆಗಳ ಮೇಲೆ ಬೈಜಾಂಟೈನ್ (ಪೂರ್ವ ರೋಮನ್) ಶೈಲಿಯ ಚಿನ್ನದ ಮೊಸಾಯಿಕ್, ಅಂದರೆ ಪುಟ್ಟ ಚೂರುಗಳನ್ನು ಜೋಡಿಸಿದ ಚಿತ್ರ. ಎಲ್ಲರೂ ಅದನ್ನೇ ನೋಡಿ ಹೊರಡುತ್ತಾರೆ. ಹಕ್ಕಿ ನೋಡಲೆಂದು ಕೊಂಡಿದ್ದ ಬೈನಾಕ್ಯುಲರನ್ನು ನಾನು ಚಾವಣಿಗೆ ತಿರುಗಿಸಿದೆ. ಜೇನುಗೂಡಿನ ಕಣ್ಣುಗಳಂತೆ ಕಡೆದ ಆ ಮರದ ಚಾವಣಿ ಅರಬ್ ಶೈಲಿಯದು. ಒಂದೊಂದು ಕುಳಿಯಲ್ಲೂ ಪುಟ್ಟ ಚಿತ್ರಗಳು: ವಾದ್ಯ ನುಡಿಸುವವರು, ಬಟ್ಟಲು ಹಿಡಿದು ಕುಳಿತವರು, ಚದುರಂಗ ಆಡುವವರು. ಕೆಳಗೆ ಬೈಬಲ್ಲಿನ ಸಂತರು, ಮೇಲೆ ಅರಬ್ ದರ್ಬಾರಿನ ಮೋಜು! ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಗುಂಪುಗಳು ಬಂದ ಮೇಲೆ ಕತ್ತೆತ್ತಿ ನಿಲ್ಲಲು ಜಾಗವಿರದು.

ಇದೇ ಬೆರಕೆ ಜೀಸಾ ಅರಮನೆಯ ಒಂದು ಸಮಾಧಿಗಲ್ಲಿನಲ್ಲಿ ಕೈಯಳತೆಗೆ ಸಿಗುತ್ತದೆ. ಪಾದ್ರಿಯೊಬ್ಬ ತನ್ನ ತಾಯಿ ಅನ್ನಾಳ ನೆನಪಿಗೆ 1149ರಲ್ಲಿ ಕೆತ್ತಿಸಿದ್ದು. ಲ್ಯಾಟಿನ್, ಗ್ರೀಕ್, ಅರಬ್ಬೀ, ಮತ್ತೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬೀ. ಪ್ರವಾಸಿಗರ ಬಸ್ಸುಗಳು ಈ ಕಡೆ ಬರುವುದು ಕಡಿಮೆ. ಕಲ್ಲಿನ ಮುಂದೆ ನಾನೊಬ್ಬನೇ ಇದ್ದೆ.

ಭಾನುವಾರ ಬೆಳಗ್ಗೆ ಪೆಲ್ಲೆಗ್ರಿನೊ ಬೆಟ್ಟ ಹತ್ತಿದೆ. 1624ರ ಪ್ಲೇಗಿನಿಂದ ಊರನ್ನು ಕಾಪಾಡಿದಳೆಂದು ನಂಬುವ ಸಂತ ರೊಜಾಲಿಯಾಳ ಗುಹೆ ಅಲ್ಲಿದೆ. ಬಂಡೆಯಿಂದ ತೊಟ್ಟಿಕ್ಕುವ ನೀರು ಭಕ್ತರ ತಲೆಗೆ ಬೀಳದಂತೆ ತಗಡಿನ ಕಾಲುವೆಗಳನ್ನು ಅಡ್ಡಾದಿಡ್ಡಿ ಕಟ್ಟಿದ್ದಾರೆ. ಕಿವಿಗೆ ಬಿದ್ದದ್ದು ತಮಿಳು. ಪಲೆರ್ಮೊದಲ್ಲಿ ನೆಲೆಸಿರುವ ಶ್ರೀಲಂಕಾದ ತಮಿಳರು, ಹಿಂದೂಗಳೂ ಸೇರಿ, ಈಕೆಗೆ ನಡೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ನನಗೆ ಅವರ ಮಾತು ಅಷ್ಟಿಷ್ಟು ಅರ್ಥವಾಯಿತು. ಹತ್ತುವ ದಾರಿಯಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರು, "ನಮ್ಮ ಅಮ್ಮ ಇವಳು" ಎಂದರು. ಹೆಚ್ಚಿನ ವಿವರಣೆ ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಮೊನ್ರೆಯಾಲೆಯ ಕೆಥೆಡ್ರಲ್ಲಿಗೆ ಅರ್ಧ ದಿನ ತೆಗೆದಿಡಿ. ಊರಿನಿಂದ ಬಸ್ ಇದೆ. 6,000 ಚದರ ಮೀಟರಿಗೂ ಮಿಕ್ಕಿದ ಮೊಸಾಯಿಕ್ ಅಲ್ಲಿದೆ. ನನಗಂತೂ ಅದಕ್ಕಿಂತ ಪಕ್ಕದ ಕಂಬಗಳ ಅಂಗಳವೇ ಹಿಡಿಸಿತು. ಜೋಡಿ ಜೋಡಿಯಾಗಿ ನಿಂತ 228 ಕಂಬಗಳ ಬೋದಿಗೆಗಳನ್ನು ಒಂದೊಂದಾಗಿ ನೋಡುತ್ತಾ ಸುತ್ತಿದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು ಹೋಗಿ. ಜುಲೈ, ಆಗಸ್ಟಿನಲ್ಲಾದರೆ ಬಿಸಿಲಿಗೆ ಇಷ್ಟೆಲ್ಲ ನಡೆಯಲಾಗದು.