ನಿಮ್ಮ ತೂಕಕ್ಕೆ ಎಷ್ಟು ಲೀಟರ್ ಬೋರ್ಡ್? ಮಲೆನಾಡ ಹಿನ್ನೀರಿಗೆ ವಿಂಡ್‌ಸರ್ಫಿಂಗ್ ಲೆಕ್ಕ

ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಸಿಕ್ಕಿಸಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ. ಅದರ ಬೋರ್ಡನ್ನು ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಬೋರ್ಡಿನ ಹಿಂತುದಿಯಲ್ಲೋ, ಹಾಯಿಯ ಕಂಬ ಸಿಕ್ಕಿಸುವ ಸೀಳಿನ ಹತ್ತಿರವೋ 95, 130, 185 ಅಂತ ಒಂದು ಸಂಖ್ಯೆ ಇರುತ್ತದೆ. ಅದೇ ಬೋರ್ಡಿನ ಗಾತ್ರ. ಹೊಸಬರು ಬಣ್ಣ ನೋಡುತ್ತಾರೆ, ಕಂಪನಿ ನೋಡುತ್ತಾರೆ, ರೇಟು ನೋಡುತ್ತಾರೆ. ಈ ಸಂಖ್ಯೆಯನ್ನು ಕೊನೆಗೆ ನೋಡುತ್ತಾರೆ.

ಹಾಸನದ ಹುಡುಗನೊಬ್ಬ ಈಚೆಗೆ ಫೋನ್ ಮಾಡಿದ್ದ. "ಅಣ್ಣಾ, ಮಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಬೋರ್ಡ್ ಸಿಗ್ತಿದೆ. 95 ಲೀಟರ್. ತಗೊಂಡುಬಿಡ್ಲಾ?"

"ನಿನ್ನ ತೂಕ ಎಷ್ಟಪ್ಪಾ?"

"82."

"ಹಾಗಾದ್ರೆ ಬೇಡ."

"82ಕ್ಕಿಂತ 95 ಜಾಸ್ತಿನೇ ಅಲ್ವಾ ಅಣ್ಣಾ?"

ಬಹಳ ಜನ ಮಾಡುವ ಲೆಕ್ಕ ಇದೇ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ.

ಮೊದಲು ತೂಕ

ಬೋರ್ಡಿನ ಒಂದು ಲೀಟರ್ ಗಾತ್ರ ಸಿಹಿನೀರಿನಲ್ಲಿ ಹೆಚ್ಚುಕಡಿಮೆ ಒಂದು ಕೆ.ಜಿ. ಭಾರ ಹೊರುತ್ತದೆ. 95 ಲೀಟರ್ ಅಂದರೆ 95 ಕೆ.ಜಿ. ಆದರೆ ಅದು ಹೊರಬೇಕಾದ್ದು ನಿಮ್ಮೊಬ್ಬರನ್ನೇ ಅಲ್ಲ. ಬೋರ್ಡಿನ ಸ್ವಂತ ತೂಕವೇ 7–8 ಕೆ.ಜಿ. ಇರುತ್ತದೆ. ಕಂಬ, ಕೈಯಲ್ಲಿ ಹಿಡಿಯುವ ಅಡ್ಡ ಕೋಲು ಅಂದರೆ ಬೂಮ್, ಹಾಯಿ ಸೇರಿ ಇನ್ನೊಂದು 8 ಕೆ.ಜಿ. ಲೈಫ್ ಜಾಕೆಟ್ಟು, ನೆನೆದ ಬಟ್ಟೆ ಅಂತ 2–3 ಕೆ.ಜಿ. ಆ ಹುಡುಗನ 82 ಸೇರಿಸಿದರೆ ಸುಮಾರು 100 ಆಯಿತು. ಅವನು ಹತ್ತಿ ನಿಂತರೆ ಬೋರ್ಡ್ ನೀರೊಳಗೆ ಹೋಗುತ್ತದೆ, ಮೊಣಕಾಲ ಮಟ್ಟ ನೀರಲ್ಲಿ ನಿಂತು ಹಾಯಿ ಎತ್ತಬೇಕಾಗುತ್ತದೆ. ಹೊಸಬರಿಗೆ ಅದು ಆಗುವ ಮಾತಲ್ಲ.

ಇದರ ಮೇಲೆ ಮಲೆನಾಡಿನದ್ದೇ ಎರಡು ವಿಷಯಗಳಿವೆ. ಬೋರ್ಡಿನ ಪುಸ್ತಕಗಳೂ ವೀಡಿಯೊಗಳೂ ಸಾಮಾನ್ಯವಾಗಿ ಸಮುದ್ರವನ್ನೇ ಮನಸ್ಸಲ್ಲಿಟ್ಟುಕೊಂಡು ಹೇಳುತ್ತವೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಎರಡೂವರೆ ಶೇಕಡಾ ಭಾರ, ಹಾಗಾಗಿ ಅಷ್ಟು ಜಾಸ್ತಿ ಎತ್ತುತ್ತದೆ. 150 ಲೀಟರ್ ಬೋರ್ಡ್ ಕಡಲಿನಲ್ಲಿ ಸುಮಾರು 154 ಕೆ.ಜಿ. ಎತ್ತಿದರೆ ಹೇಮಾವತಿಯಲ್ಲಿ 150 ಮಾತ್ರ. ಇದು ಸಣ್ಣ ವ್ಯತ್ಯಾಸ.

ಎರಡನೆಯದು ಇದಕ್ಕಿಂತ ದೊಡ್ಡದು, ಆದರೆ ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ, ಅಂದರೆ ಸುಮಾರು 890 ಮೀಟರ್. ಇಷ್ಟು ಎತ್ತರದಲ್ಲಿ ಗಾಳಿ ಕಡಲ ತೀರಕ್ಕಿಂತ ಸುಮಾರು 8 ಶೇಕಡಾ ತೆಳುವಾಗಿರುತ್ತದೆ. ಗಾಳಿಯ ವೇಗ ಒಂದೇ ಇದ್ದರೂ ಹಾಯಿಗೆ ಬೀಳುವ ತಳ್ಳು ಅಷ್ಟೇ ಕಡಿಮೆ. ಕಡಲಿನಲ್ಲಿ 5.5 ಚದರ ಮೀಟರ್ ಹಾಯಿ ಮಾಡುವ ಕೆಲಸಕ್ಕೆ ಇಲ್ಲಿ 6 ಬೇಕು. ನೀರು ಕಡಿಮೆ ಎತ್ತುತ್ತದೆ, ಗಾಳಿ ಕಡಿಮೆ ಎಳೆಯುತ್ತದೆ. ಅದಕ್ಕೇ ಹಾಸನ, ಚಿಕ್ಕಮಗಳೂರಿನವರಿಗೆ ನಾನು ಹೇಳುವುದು ಒಂದೇ: ಎರಡು ಸೈಜಿನ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ.

ತೂಕಕ್ಕೆ ಎಷ್ಟು ಸೇರಿಸಬೇಕು

ನಿಮ್ಮ ತೂಕದ ಮೇಲೆ ಎಷ್ಟು ಲೀಟರ್ ಮಿಗತೆ ಬೇಕು ಅನ್ನುವುದು ನಿಮಗೆಷ್ಟು ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಇಲ್ಲಿ ಸುಮ್ನೆ ಧೈರ್ಯ ಮಾಡಬೇಡಿ.

ಬೋರ್ಡ್ ಮೇಲೆ ಇನ್ನೂ ನಿಂತೇ ಇಲ್ಲ ಅನ್ನುವವರು ತೂಕಕ್ಕೆ 80ರಿಂದ 100 ಸೇರಿಸಿ. 58 ಕೆ.ಜಿ. ತೂಕದ ಕಾಲೇಜು ಹುಡುಗಿಗೆ 140–155 ಲೀಟರ್ ಸಾಕು. ಫೋನ್ ಮಾಡಿದ ಹುಡುಗನಿಗೆ 165ರಿಂದ 180. 95 ಕೆ.ಜಿ. ದಾಟಿದವರು 190ರ ಮೇಲೆಯೇ ನೋಡಬೇಕು.

ಹಗ್ಗ ಹಿಡಿದು ಹಾಯಿ ಎತ್ತಲು ಬರುತ್ತದೆ, ಹೋಗಿ ತಿರುಗಿ ಅದೇ ಜಾಗಕ್ಕೆ ಬರಲು ಆಗುತ್ತದೆ ಅನ್ನುವವರಿಗೆ 50–60 ಸಾಕು. ಹಾಯಿಯ ಎಳೆತವನ್ನು ಕೈ ಬದಲು ಮೈ ಹೊರುವಂತೆ ಸೊಂಟಕ್ಕೆ ಹಾರ್ನೆಸ್ ಪಟ್ಟಿ ಕಟ್ಟಿ, ಬೋರ್ಡ್ ನೀರಿನ ಮೇಲೆ ಜಾರುವಂತೆ ಓಡಿಸಲು ಕಲಿತವರು 30–40ಕ್ಕೆ ಇಳಿಯಬಹುದು. ಅದಕ್ಕೂ ಕೆಳಗೆ ಹೋಗಬೇಕಾದರೆ ನೀರಲ್ಲಿ ಮಲಗಿದಲ್ಲಿಂದಲೇ ಗಾಳಿಯ ಬಲದಿಂದ ಎದ್ದು ನಿಲ್ಲುವ ವಾಟರ್‌ಸ್ಟಾರ್ಟ್ ಗೊತ್ತಿರಬೇಕು. ನಮ್ಮ ಕೆರೆಗಳಲ್ಲಿ ಅದಕ್ಕೆ ಬೇಕಾದ ಗಾಳಿ ಎಲ್ಲ ದಿನ ಸಿಗುವುದಿಲ್ಲ.

ಮಕ್ಕಳ ವಿಷಯ ಬೇರೆ. 35 ಕೆ.ಜಿ. ಮಗುವಿಗೆ ಅಪ್ಪನ 200 ಲೀಟರ್ ಬೋರ್ಡ್ ಕೊಟ್ಟರೆ ಮುಳುಗುವುದಿಲ್ಲ ನಿಜ. ಆದರೆ ಮಗುವಿನ ತೂಕಕ್ಕೆ ಆ ಬೋರ್ಡ್ ವಾಲುವುದೂ ಇಲ್ಲ, ತಿರುಗುವುದೂ ಇಲ್ಲ. ಅವರಿಗೆ 120 ಲೀಟರ್ ಆಸುಪಾಸಿನ, ಮೇಲೆ ಮೆತ್ತನೆಯ ಹಾಸು ಇರುವ ಬೋರ್ಡ್ ಸರಿ. ಹಾಯಿ 1.5ರಿಂದ 2.5 ಚದರ ಮೀಟರ್.

ಗಾಳಿಯನ್ನು ಓದಿ

ವೀಡಿಯೊಗಳಲ್ಲಿ ಚಿಕ್ಕ ಬೋರ್ಡಿನ ಮೇಲೆ ಹಾರುವವರನ್ನು ನೋಡಿರುತ್ತೀರಿ. ಅದು ಹೇಗೆ ಸಾಧ್ಯ? ವೇಗ ಒಂದು ಮಟ್ಟ ದಾಟಿದ ಮೇಲೆ ಬೋರ್ಡ್ ತೇಲುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಇದಕ್ಕೆ ಪ್ಲೇನಿಂಗ್ ಅನ್ನುತ್ತಾರೆ. ಆಗ ಭಾರ ಹೊರುವುದು ಲೀಟರ್ ಅಲ್ಲ, ವೇಗ. ಕಡಲಲ್ಲಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿ ಒಂದೇ ಸಮ ಬೀಸುವಾಗ 85 ಲೀಟರ್ ಬೋರ್ಡ್ ದೊಡ್ಡ ಆಳನ್ನೂ ಎತ್ತಿಕೊಂಡು ಓಡುತ್ತದೆ. ಗಾಳಿ ಬಿದ್ದ ಕ್ಷಣ ಮುಳುಗುತ್ತದೆ.

ನಮ್ಮಲ್ಲಿ ಗಾಳಿ ಬೀಳುತ್ತಲೇ ಇರುತ್ತದೆ. ಮುಳ್ಳಯ್ಯನಗಿರಿ ಮೇಲೆ ನಿಲ್ಲಲು ಬಿಡದಷ್ಟು ಗಾಳಿ ಇದ್ದ ದಿನವೇ ಗುಡ್ಡದ ಮರೆಯ ಕೆರೆಯಲ್ಲಿ ಎಲೆ ಅಲ್ಲಾಡದಿರಬಹುದು. ಹಿರೇಕೊಳಲೆ ಕೆರೆ ನೋಡಲು ಎಷ್ಟು ಚೆಂದ! ಆದರೆ ಸುತ್ತ ಗುಡ್ಡ. ಅಂಥ ಕಡೆ ಗಾಳಿ ಸುತ್ತಿಕೊಂಡು ಬರುತ್ತದೆ, ಒಂದು ನಿಮಿಷ ಎಡದಿಂದ, ಮರುನಿಮಿಷ ಎದುರಿನಿಂದ. ಗೊರೂರಿನ ಹೇಮಾವತಿ ಹಿನ್ನೀರಿನಂಥ ತೆರೆದ ಜಾಗದಲ್ಲಿ ಪರವಾಗಿಲ್ಲ. ಅಲ್ಲೂ ದಡದ ಮರಗಳ ಮರೆಯಿಂದ ಆಚೆ ಹೋಗುವವರೆಗೆ ಗಾಳಿ ತುಂಡುತುಂಡು.

ಫೋನಿನ ಹವಾಮಾನ ಆಪ್ ಕಿಲೋಮೀಟರ್‌ನಲ್ಲಿ ಹೇಳುತ್ತದೆ. ಅದನ್ನು 1.85ರಿಂದ ಭಾಗಿಸಿದರೆ ನಾಟ್. ಆಮೇಲೆ ದಡಕ್ಕೆ ಹೋಗಿ ಕಣ್ಣಿಂದ ನೋಡಿ. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ 4–6 ನಾಟ್, ಕಲಿಯಲು ಒಳ್ಳೆಯದು. ಸಿಲ್ವರ್ ಓಕ್ ಎಲೆ, ಸಣ್ಣ ಕಡ್ಡಿ ಬಿಡದೆ ಅಲ್ಲಾಡುತ್ತಿದ್ದು ನೀರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ 7–10. ಧೂಳು, ಕಾಗದ ಏಳುತ್ತಿದೆ, ಸಣ್ಣ ಕೊಂಬೆ ತೂಗುತ್ತಿದೆ, ನೊರೆ ಎಲ್ಲ ಕಡೆ ಇದೆ ಅಂದರೆ 11–16. ಹೊಸಬರು ಅಲ್ಲಿಗೆ ನಿಲ್ಲಿಸಿ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಗೆ ಬೀಳುವ ಬಲ ನಾಲ್ಕರಷ್ಟಾಗುತ್ತದೆ. 8 ನಾಟ್‌ನಲ್ಲಿ ಹಿತವಾಗಿದ್ದ ಹಾಯಿ 16ರಲ್ಲಿ ಕೈಗೆ ನಿಲ್ಲುವುದಿಲ್ಲ.

ಹಾಗಾಗಿ ಬೋರ್ಡನ್ನು ಗಾಳಿ ಬಿದ್ದ ಹೊತ್ತಿಗೆ ತಕ್ಕಂತೆ ಆರಿಸಿ, ಹಾಯಿಯನ್ನು ಗಾಳಿ ಎದ್ದ ಹೊತ್ತಿಗೆ ತಕ್ಕಂತೆ. ಗಾಳಿ ನಿಂತಾಗಲೂ ಬೋರ್ಡ್ ನಿಮ್ಮನ್ನು ಹೊತ್ತು ನಿಲ್ಲಬೇಕು. ಜೋರಾದಾಗಲೂ ಹಾಯಿ ನಿಮ್ಮ ಹಿಡಿತದಲ್ಲಿರಬೇಕು. 70–80 ಕೆ.ಜಿ. ಇರುವ ಹೊಸಬರಿಗೆ 4.5ರಿಂದ 5.5 ಚದರ ಮೀಟರ್, ಹಗುರ ಮೈಯವರಿಗೆ 3.5ರಿಂದ 4. ಪ್ಲೇನಿಂಗ್ ಕಲಿತ 75 ಕೆ.ಜಿ. ಆಸಾಮಿಗೆ 15 ನಾಟ್ ಗಾಳಿಯಲ್ಲಿ ಕಡಲಿಗೆ 6.5 ಹೇಳುತ್ತಾರೆ. ಇಲ್ಲಿ 7 ಇರಲಿ. ಬೋರ್ಡ್ ಯಾವ ಹಾಯಿಯಿಂದ ಯಾವ ಹಾಯಿವರೆಗೆ ಹೊಂದುತ್ತದೆ ಅಂತ ಕಂಪನಿಯವರೇ ಬರೆದಿರುತ್ತಾರೆ, ಅದನ್ನು ಮೀರಬೇಡಿ.

ಅಗಲ

ಒಂದೇ ಲೀಟರಿನ ಎರಡು ಬೋರ್ಡ್ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಕಾರಣ ಅಗಲ. ತೆಪ್ಪ ಸುಲಭಕ್ಕೆ ಮಗುಚದಿರುವುದೂ ಅದರ ಅಗಲದಿಂದಲೇ. ಕಲಿಯುವವರಿಗೆ 75 ಸೆಂಟಿಮೀಟರ್‌ಗಿಂತ ಜಾಸ್ತಿ ಇರಲಿ, 80–85 ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಹಂತಕ್ಕೆ 65–75.

ಅಗಲದ ಬೋರ್ಡ್ ಅಂದರೆ ಕಲಿಯುವವರದ್ದು ಅಂತ ಮೂಗು ಮುರಿಯುವವರಿದ್ದಾರೆ. 2008ರಿಂದ ಟೋಕಿಯೊವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿದ ಆರ್‌ಎಸ್:ಎಕ್ಸ್ ಬೋರ್ಡಿನ ಅಗಲ 93 ಸೆಂಟಿಮೀಟರ್. ಕಡಿಮೆ ಗಾಳಿಯಲ್ಲೂ ರೇಸ್ ನಡೆಯಬೇಕಿತ್ತು, ಅದಕ್ಕೇ ಆ ಅಗಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಇಬಾದ್ ಅಲಿ ಕಂಚು ಗೆದ್ದಿದ್ದು ಇದೇ ಆರ್‌ಎಸ್:ಎಕ್ಸ್ ವಿಭಾಗದಲ್ಲಿ. ಅವರು ಭೋಪಾಲದ ಕೆರೆಯಲ್ಲಿ ಪಳಗಿದವರು. ಕಡಲಿಲ್ಲದ ಊರಿನವರು ಈ ಆಟದಲ್ಲಿ ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಇನ್ನೇನು ಬೇಕು?

ನೀರಿನ ಕೆಳಗೆ ಏನಿದೆ

ಕಲಿಯುವ ಬೋರ್ಡಿನ ನಡುವೆ ಒಂದು ಡ್ಯಾಗರ್‌ಬೋರ್ಡ್ ಇರಲೇಬೇಕು. ಅದು ನೀರಿಗೆ ಇಳಿಬಿಡುವ ಹಲಗೆ. ಅದಿಲ್ಲದಿದ್ದರೆ ಕಡಿಮೆ ಗಾಳಿಯಲ್ಲಿ ಬೋರ್ಡ್ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ, ಹೊರಟ ದಡಕ್ಕೆ ವಾಪಸ್ ಬರಲು ಆಗುವುದಿಲ್ಲ. ಬೇಕಾದಾಗ ಮೇಲಕ್ಕೆ ಮಡಚುವಂಥದ್ದೇ ನೋಡಿ. ನಮ್ಮ ಹಿನ್ನೀರುಗಳ ಅಡಿಯಲ್ಲಿ ಹಳೆಯ ಹೊಲಗಳಿವೆ, ಮರದ ಬೊಡ್ಡೆಗಳಿವೆ, ಗೋಡೆಗಳಿವೆ. ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ಮಳೆಗಾಲದಲ್ಲಿ ನೋಡಿದವರಿಗೆ ನೀರು ಏನೇನನ್ನು ಮುಚ್ಚಿಡುತ್ತದೆ ಅಂತ ಗೊತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ದಡದುದ್ದಕ್ಕೂ ನಡೆದು ಬೊಡ್ಡೆಗಳು ಎಲ್ಲಿವೆ ಅಂತ ಗುರುತು ಮಾಡಿಕೊಳ್ಳಿ. ಬೋರ್ಡಿನ ಹಿಂತುದಿಯ ಅಡಿಯಲ್ಲಿರುವ ರೆಕ್ಕೆ, ಅಂದರೆ ಫಿನ್, ತೀರಾ ಉದ್ದ ಬೇಡ. ಈಗಿನ ಫ್ಯಾಷನ್ ಆದ ಫಾಯಿಲ್ ಬೋರ್ಡ್, ಅಂದರೆ ನೀರೊಳಗಿನ ರೆಕ್ಕೆಯ ಬಲದಿಂದ ಮೇಲೆದ್ದು ಓಡುವ ಬೋರ್ಡ್, ಅದರ ಅಡಿಯಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಕಂಬ ನೀರೊಳಗೆ ಇರುತ್ತದೆ. ತಳ ಗೊತ್ತಿಲ್ಲದ ಹಿನ್ನೀರಿಗೆ ಅದು ಬೇಡವೇ ಬೇಡ.

ಮನೆಯಲ್ಲಿ ಜಾಗ ಇಲ್ಲ, ಕಾರಿನ ಮೇಲೆ ಕ್ಯಾರಿಯರ್ ಇಲ್ಲ ಅನ್ನುವವರು ಗಾಳಿ ತುಂಬುವ ಬೋರ್ಡ್ ನೋಡಬಹುದು. ಹಾಯಿ ಸಿಕ್ಕಿಸಲು ಜಾಗ ಇರುವ ಮಾದರಿ ಕೇಳಿ. ಹಾಯಿ ಇಲ್ಲದ ದಿನ ಹುಟ್ಟು ಹಾಕಿಕೊಂಡು ಹೋಗಬಹುದು. ವೇಗ ಬರುವುದಿಲ್ಲ, ಕಲಿಕೆಗೆ ಚೆನ್ನಾಗಿದೆ.

ದೊಡ್ಡ ಬೋರ್ಡಿನ ಪರ ಇನ್ನೊಂದು ಮಾತು. ಗಾಳಿ ಪೂರ್ತಿ ನಿಂತರೆ ಹಾಯಿಯನ್ನು ಬೋರ್ಡ್ ಮೇಲೆ ಅಡ್ಡ ಹಾಕಿ, ಮಲಗಿ, ಕೈಯಲ್ಲಿ ನೀರು ತಳ್ಳುತ್ತಾ ದಡ ಸೇರಬೇಕು. ನಿಮ್ಮನ್ನೂ ಹಾಯಿಯನ್ನೂ ಒಟ್ಟಿಗೆ ಹೊರುವ ಬೋರ್ಡಿನಲ್ಲಿ ಮಾತ್ರ ಅದು ಸುಲಭ. ಬೋರ್ಡನ್ನು ಬಿಟ್ಟು ಈಜಲು ಹೋಗಬೇಡಿ. ಈಜು ಬಂದರೂ ಲೈಫ್ ಜಾಕೆಟ್ ಬಿಡಬೇಡಿ. ಜಲಾಶಯಕ್ಕೆ ಇಳಿಯುವ ಮೊದಲು ಅನುಮತಿ ಪಡೆಯಬೇಕು. ಹೇಮಾವತಿಗೆ ಕಾವೇರಿ ನೀರಾವರಿ ನಿಗಮದವರನ್ನು ಕೇಳಿ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹುಲಿ ಮೀಸಲು ಅರಣ್ಯಕ್ಕೆ ಅಂಟಿಕೊಂಡಿದೆ, ಅಲ್ಲಿ ಅರಣ್ಯ ಇಲಾಖೆಯನ್ನೂ ಕೇಳಬೇಕು. ಮಳೆಗಾಲದಲ್ಲಿ ಗಾಳಿ ಚೆನ್ನಾಗಿರುತ್ತದೆ ನಿಜ, ಆದರೆ ಅಣೆಕಟ್ಟೆಯ ಗೇಟ್ ತೆಗೆಯುವ ಕಾಲವೂ ಅದೇ. ಕಟ್ಟೆಯ ಕಡೆ ಸುಳಿಯಲೇಬಾರದು.

ದುಡ್ಡು ಕೊಡುವ ಮೊದಲು

ಹಳೆಯ ಬೋರ್ಡ್ ಆದರೆ ಹೆಬ್ಬೆರಳಿನಿಂದ ಒತ್ತಿ ನೋಡಿ, ವಿಶೇಷವಾಗಿ ಕಾಲಿಡುವ ಜಾಗದಲ್ಲಿ. ಎಲ್ಲಾದರೂ ಮೆತ್ತಗೆ ಒಳಕ್ಕೆ ಹೋದರೆ ಮೇಲಿನ ಪದರ ಬಿಟ್ಟಿದೆ ಅಂತ ಅರ್ಥ. ಬೆರಳಿನಿಂದ ತಟ್ಟುತ್ತಾ ಬನ್ನಿ, ಶಬ್ದ ಬದಲಾದ ಕಡೆ ನಿಲ್ಲಿಸಿ ನೋಡಿ. ತಕ್ಕಡಿ ಇದ್ದರೆ ತೂಗಿ. ಕಂಪನಿ ಹೇಳಿದ್ದಕ್ಕಿಂತ ಎರಡು ಮೂರು ಕೆ.ಜಿ. ಜಾಸ್ತಿ ಬಂದರೆ ಒಳಗೆ ನೀರು ಕುಡಿದಿದೆ.

ಆಮೇಲೆ ಸಾಧ್ಯವಾದರೆ ನೀರಿಗೆ ಹಾಕಿ ನಿಂತು ನೋಡಿ. ಲೈಫ್ ಜಾಕೆಟ್ ಹಾಕಿ, ಹಾಯಿ ಜೋಡಿಸಿ, ಕಂಬದ ಬುಡದ ಆಚೀಚೆ ಕಾಲಿಟ್ಟು ನಿಲ್ಲಿ. ಬೋರ್ಡಿನ ಮೇಲ್ಮೈ ಸುತ್ತಲೂ ನೀರಿಗಿಂತ ಮೇಲೆ ಕಾಣಬೇಕು. ಪಾದದ ಮೇಲೆ ನೀರು ಹರಿದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಆ ಬೋರ್ಡ್ ಸದ್ಯಕ್ಕೆ ನಿಮ್ಮದಲ್ಲ.

ಕರಾವಳಿಯಿಂದ ಕೊಂಡು ತರುವವರು ಇನ್ನೊಂದು ನೋಡಿಕೊಳ್ಳಿ. ಕೆಲವು ಬೋರ್ಡುಗಳ ಮೇಲೆ ಒಂದು ಸಣ್ಣ ಗಾಳಿ ಸ್ಕ್ರೂ ಇರುತ್ತದೆ. ಶಿರಾಡಿ ಹತ್ತಿ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ. ಮೇಲೆ ಬಿಸಿಲೂ ಇದ್ದರೆ ಪದರ ಬಿಟ್ಟುಕೊಳ್ಳಬಹುದು. ಘಾಟಿ ಹತ್ತುವ ಮೊದಲು ಸ್ಕ್ರೂ ಸಡಿಲ ಮಾಡಿ. ನೀರಿಗೆ ಇಳಿಸುವ ಮೊದಲು ಮರೆಯದೆ ಬಿಗಿ ಮಾಡಿ.