ಪಂಚಾಯಿತಿ ಲೆಕ್ಕದಲ್ಲಿ ಹೆಂಗಸರನ್ನು ಹುಡುಕುವುದು ಹೇಗೆ?

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಶೇ 50ರಷ್ಟು ಸೀಟು ಮಹಿಳೆಯರಿಗೆ ಮೀಸಲು. ಹಾಗಂತ ಪಂಚಾಯಿತಿಯಲ್ಲಿ ಹೆಂಗಸರ ಪಾಲು ಎಷ್ಟು ಅಂತ ವರದಿ ಬರೆಯುವಾಗ ಗೆದ್ದವರನ್ನಷ್ಟೇ ಎಣಿಸಿ ಮುಗಿಸಬೇಡಿ. ಅದು ಕಾನೂನು ಕೊಟ್ಟ ಸಂಖ್ಯೆ, ಸಭೆಯಲ್ಲಿ ಯಾರ ಮಾತು ನಡೆಯಿತು ಅನ್ನೋದು ಬೇರೆ ಅಲ್ವಾ?

ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ನಡಾವಳಿ ಪುಸ್ತಕ, ಅಂದರೆ ಸಭೆಯ ನಿರ್ಣಯಗಳನ್ನು ಬರೆದಿಡುವ ಪುಸ್ತಕ ಕೇಳಿ. ಒಂದು ವರ್ಷದ್ದು ಸಾಕು. ನಿರ್ಣಯದ ಕೆಳಗೆ ಸೂಚಕರು, ಅನುಮೋದಕರು ಅಂತ ಹೆಸರು ಬರೆದಿದ್ದರೆ ಅದೇ ನಿಮ್ಮ ಚಿನ್ನ. ತಾರೀಖು, ವಿಷಯ, ಸೂಚಿಸಿದವರು ಹೆಂಗಸೋ ಗಂಡಸೋ, ಇಟ್ಟ ಹಣ ಎಷ್ಟು, ಖರ್ಚಾಗಿದ್ದು ಎಷ್ಟು, ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ. ಹಾಜರಿಯಲ್ಲಿ ಪ್ರತಿ ಸಲ ಸಹಿ ಇದ್ದು, ಸೂಚಕರ ಜಾಗದಲ್ಲಿ ಒಮ್ಮೆಯೂ ಹೆಸರು ಬಾರದ ಸದಸ್ಯೆ ಇದ್ದರೆ ಅವರ ಮನೆಗೇ ಹೋಗಿ ಮಾತಾಡಿ. ಕಾರಣ ಪುಸ್ತಕದಲ್ಲಿ ಸಿಗಲ್ಲ. ಸಭೆಯ ಹೊತ್ತೇ ಹಾಲು ಕರೆಯುವ ಹೊತ್ತಾಗಿರಬಹುದು, ಅಥವಾ ಅವರ ಬದಲು ಗಂಡನೇ ಮಾತಾಡುತ್ತಿರಬಹುದು.

ಆಮೇಲೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಆಸ್ತಿಗಳ ಆನ್‌ಲೈನ್ ದಾಖಲೆ. ಮನೆ, ಸೈಟು ಯಾರ ಹೆಸರಲ್ಲಿದೆ ನೋಡಿ. ‘ಕೋಂ’ ಅಂತಿದ್ದರೆ ಹೆಂಡತಿ ಅಂತ ಗೊತ್ತಾಗುತ್ತೆ, ಆದರೆ ‘ಬಿನ್’ ಕಂಡ ತಕ್ಷಣ ಗಂಡಸು ಅಂತ ಗುರುತು ಹಾಕಬೇಡಿ, ಮಗಳ ಹೆಸರಿಗೂ ಹಾಗೇ ಬರೆದಿರುತ್ತಾರೆ. ಜಂಟಿ ಖಾತೆಯನ್ನು ಬೇರೆ ಕಾಲಂನಲ್ಲಿ ಇಡಿ.

ಸುಮ್ನೆ ಪಿಪಿಟಿ ಮಾಡಿ ತಾಲ್ಲೂಕಿಗೆ ಕಳಿಸಿದರೆ ಏನೂ ಆಗಲ್ಲ. ಜನರ ಹೆಸರು ತೆಗೆದು, ಅಂಕಿಗಳನ್ನು ದೊಡ್ಡ ಹಾಳೆಯಲ್ಲಿ ಬರೆದು, ಮಹಿಳಾ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.