ಅಪ್‌ಡೇಟ್ ಆದ ಮೇಲೆ ಸಿ ಡ್ರೈವ್ ತುಂಬಿತಾ? ಅಳಿಸುವ ಮುಂಚೆ ಒಮ್ಮೆ ಒಳಗೆ ನೋಡಿ

ಡಿಸೆಂಬರ್‌ನ ಒಂದು ಶುಕ್ರವಾರ ರಾತ್ರಿ ಮೂಡಿಗೆರೆಯಿಂದ ಚಿಕ್ಕಪ್ಪನ ಫೋನ್. ಕಾಫಿ ತೋಟದಲ್ಲಿ ಹಣ್ಣು ಕೊಯ್ಲು ಜೋರಾಗಿತ್ತು. ಮಾರನೇ ದಿನ ಬಟವಾಡೆ. ಕೂಲಿ ಲೆಕ್ಕವೆಲ್ಲ ಲ್ಯಾಪ್‌ಟಾಪ್‌ನಲ್ಲೇ ಇತ್ತು.

"ಅಂಗಡಿಯವರು ವಿಂಡೋಸ್ ಅಪ್‌ಡೇಟ್ ಮಾಡಿ ಕೊಟ್ಟ ಮೇಲೆ ಜಾಗ ಇಲ್ಲ, ಜಾಗ ಇಲ್ಲ ಅಂತ ಒಂದೇ ಸಮ ಹೇಳ್ತಿದೆ ಕಣೋ. ವಿಂಡೋಸ್ ಡಾಟ್ ಓಲ್ಡ್ ಅಂತ ಒಂದು ಫೋಲ್ಡರ್ ಇದೆ. ಹಳೇದು ತಾನೇ, ಡಿಲೀಟ್ ಮಾಡಿಬಿಡ್ಲಾ?"

"ಬೇಡ ಚಿಕ್ಕಪ್ಪ, ಮುಟ್ಟಬೇಡಿ. ಬೆಳಿಗ್ಗೆ ನಾನೇ ಬರ್ತೀನಿ" ಅಂದೆ. ಹಾಸನದಿಂದ ಬೇಲೂರು ದಾಟಿ ಮೂಡಿಗೆರೆ ಮುಟ್ಟುವವರೆಗೂ ಅದೇ ಯೋಚನೆ.

ಹೋಗಿ ನೋಡಿದರೆ ಹೋದ ವರ್ಷದ ಚೆಕ್‌ರೋಲ್ ಫೈಲುಗಳು, ಅಂದರೆ ಆಳುಗಳ ಹಾಜರಿ-ಕೂಲಿ ಪಟ್ಟಿಗಳು, ಡಾಕ್ಯುಮೆಂಟ್ಸ್‌ನಲ್ಲಿ ಇರಲೇ ಇಲ್ಲ. ಚಿಕ್ಕಪ್ಪ ಅದನ್ನು ಗಮನಿಸಿಯೂ ಇರಲಿಲ್ಲ. ಎಲ್ಲವೂ ಆ 'ಹಳೇ' ಫೋಲ್ಡರ್‌ನ ಹೊಟ್ಟೆಯೊಳಗೆ ಕೂತಿದ್ದವು. ಅಂಗಡಿಯಲ್ಲಿ ಮಾಡಿದ್ದು ಅಪ್‌ಡೇಟ್ ಅಲ್ಲ, ಹೊಸ ಇನ್‌ಸ್ಟಾಲ್. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಆಗಿನಿಂದ ನಮ್ಮ ಕಡೆಯೂ ಬಹಳ ಜನ 11ಕ್ಕೆ ಹೋಗಿದ್ದಾರೆ. ಹಾಗೆ ಹೋದಾಗ ಹಳೇ ವಿಂಡೋಸ್ ಪೂರ್ತಿ ಅಳಿಯುವುದಿಲ್ಲ. ಮನೆ ರಿಪೇರಿ ಮಾಡಿಸುವಾಗ ಹಳೇ ಸಾಮಾನು ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ ಅದನ್ನು ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಹೊಸದು ಕೈಕೊಟ್ಟರೆ ವಾಪಸ್ ಹೋಗಲಿ ಎಂದು. ಮಾಮೂಲಿ ಅಪ್‌ಗ್ರೇಡ್ ಆದರೆ 10 ದಿನ ಕಾದು, ಆಮೇಲೆ ತಾನೇ ಅಳಿಸಿಕೊಳ್ಳುತ್ತದೆ.

ಹಾಗಾಗಿ ಮೊದಲ ಹೆಜ್ಜೆ: ಅವಸರ ಇಲ್ಲದಿದ್ದರೆ ಆ 10 ದಿನ ಸುಮ್ಮನಿರಿ. ಆ ದಿನಗಳಲ್ಲಿ ನಿಮ್ಮ ನಿತ್ಯದ ಕೆಲಸ ಎಲ್ಲವನ್ನೂ ಒಂದೊಂದು ಸಲ ಮಾಡಿ ನೋಡಿ. ಪ್ರಿಂಟರ್ ಓಡುತ್ತಿದೆಯಾ? ನುಡಿಯಲ್ಲಿ ಕನ್ನಡ ಟೈಪ್ ಆಗುತ್ತಿದೆಯಾ? ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಚುಚ್ಚಿದರೆ ಗುರುತು ಹಿಡಿಯುತ್ತಾ? ಇದರಲ್ಲಿ ಒಂದು ಕೆಟ್ಟರೂ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ 'ಗೋ ಬ್ಯಾಕ್' ಒತ್ತಿ ಹಿಂದಕ್ಕೆ ಹೋಗಬಹುದು. ಹಳೇ ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿತು.

ಎರಡನೇದು, ಇದು ಬಹಳ ಮುಖ್ಯ. ಆ 10 ದಿನ ಮುಗಿಯುವ ಮುಂಚೆಯೇ ಸಿ ಡ್ರೈವ್ ತೆರೆಯಿರಿ. ವಿಂಡೋಸ್ ಡಾಟ್ ಓಲ್ಡ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು. ಅಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ನೋಡಿ. ಅಪ್‌ಗ್ರೇಡ್ ಆಗಿದ್ದರೆ ನಿಮ್ಮ ಫೈಲುಗಳು ಮೊದಲು ಇದ್ದ ಜಾಗದಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡದೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ ಅವೂ ಅಟ್ಟ ಸೇರಿರುತ್ತವೆ. ಬೇಕಾದ್ದನ್ನು ಅವತ್ತೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಕಾಪಿ ಆದ ಫೈಲುಗಳನ್ನು ಒಂದೆರಡು ತೆರೆದೂ ನೋಡಿ. ಚಿಕ್ಕಪ್ಪನ ಚೆಕ್‌ರೋಲ್ ಹಾಗೆ ಉಳಿಯಿತು.

ಇಷ್ಟಾದ ಮೇಲೆ ಸ್ವಚ್ಛ ಮಾಡುವುದು ಸುಲಭ. ಮೊದಲು ಚಾರ್ಜರ್ ಹಾಕಿಕೊಳ್ಳಿ. ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಬ್ಯಾಟರಿ ತುಂಬಿದ್ದಾಗಲೇ ಶುರು ಮಾಡಿ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋಗಿ. ಪಟ್ಟಿ ಬರಲು ಸ್ವಲ್ಪ ಹೊತ್ತು ಬೇಕು. 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್', 'ವಿಂಡೋಸ್ ಅಪ್‌ಡೇಟ್ ಕ್ಲೀನಪ್', 'ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್', ಇವಕ್ಕೆ ಟಿಕ್ ಹಾಕಿ. ಮೊದಲನೆಯದು ದೊಡ್ಡ ಅಪ್‌ಗ್ರೇಡ್‌ನ ಉಳಿಕೆ, ಎರಡನೆಯದು ತಿಂಗಳು ತಿಂಗಳು ಬರುವ ಅಪ್‌ಡೇಟ್‌ಗಳದ್ದು, ಮೂರನೆಯದು ಅಪ್‌ಡೇಟ್ ಇಳಿಸಿಕೊಂಡಾಗ ಉಳಿದ ಫೈಲುಗಳು.

ಟಿಕ್ ಹಾಕುವುದಕ್ಕಿಂತ ತೆಗೆಯುವುದರ ಕಡೆ ಜಾಸ್ತಿ ಗಮನ ಇರಲಿ. ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮಕ್ಕಳ ಅಂಕಪಟ್ಟಿ, ಎಲ್ಲ ಇಳಿಸಿಕೊಂಡಿದ್ದು ಅಲ್ಲೇ ತಾನೇ? ಅದಕ್ಕೆ ಟಿಕ್ ಇಲ್ಲವೆಂದು ಎರಡು ಸಲ ನೋಡಿ. 'ರಿಸೈಕಲ್ ಬಿನ್' ಕೂಡ ಒಮ್ಮೆ ತೆರೆದು ನೋಡಿದ ಮೇಲೆಯೇ ಖಾಲಿ ಮಾಡಿ. ಆಮೇಲೆ 'ರಿಮೂವ್ ಫೈಲ್ಸ್' ಒತ್ತಿ. ಮುಗಿಯುವವರೆಗೆ ಮುಚ್ಚಬೇಡಿ.

ಚಿಕ್ಕಪ್ಪನದು 128 ಜಿಬಿ ಲ್ಯಾಪ್‌ಟಾಪ್. ವಿಂಡೋಸ್ ಲೆಕ್ಕದಲ್ಲಿ ಅದು ತೋರಿಸುವುದೇ 119. ಅದರಲ್ಲಿ 3 ಜಿಬಿ ಉಳಿದು, ಡ್ರೈವ್ ಎಷ್ಟು ತುಂಬಿದೆ ಎಂದು ತೋರಿಸುವ ಗೆರೆ ಕೆಂಪಗಾಗಿತ್ತು. ಕಾಫಿ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ನೀಲಿಯಾಗಿತ್ತು. ಬಟವಾಡೆ ಪಟ್ಟಿಯೂ ಪ್ರಿಂಟ್ ಆಯಿತು.

ಕೈಯಾರೆ ಮುಟ್ಟಲೇಬಾರದ ಎರಡು ಜಾಗ ಹೇಳಿಬಿಡುತ್ತೇನೆ. ಎರಡೂ ವಿಂಡೋಸ್ ಫೋಲ್ಡರ್ ಒಳಗಿವೆ. ಒಂದು 'ವಿನ್‌ಎಸ್‌ಎಕ್ಸ್‌ಎಸ್'. ನೋಡಲು ಭಾರಿ ಗಾತ್ರ, ಆಸೆಯಾಗುತ್ತದೆ. ಆದರೆ ಅಲ್ಲಿನ ಎಷ್ಟೋ ಫೈಲುಗಳು ವಿಂಡೋಸ್ ಈಗ ಬಳಸುತ್ತಿರುವವೇ. ಒಂದೇ ಫೈಲಿಗೆ ಎರಡು ಕಡೆ ಹೆಸರು ಇರುವುದರಿಂದ ಗಾತ್ರ ನಿಜಕ್ಕಿಂತ ಜಾಸ್ತಿ ಕಾಣುತ್ತದೆ. ಅಲ್ಲಿ ಕೈ ಹಾಕಿದರೆ ಕಂಪ್ಯೂಟರ್ ಆನ್ ಆಗದೇ ಹೋಗಬಹುದು. ಅಲ್ಲಿನ ಫೈಲುಗಳಿಗೆ ಅಪ್‌ಡೇಟ್‌ನಲ್ಲಿ ಹೊಸ ಆವೃತ್ತಿ ಬಂದು 30 ದಿನವಾದ ಮೇಲೆ ಹಳೇದನ್ನು ವಿಂಡೋಸ್ ತಾನೇ ತೆಗೆಯುತ್ತದೆ. ಇನ್ನೊಂದು 'ಇನ್‌ಸ್ಟಾಲರ್' ಫೋಲ್ಡರ್. ಅದು ಹೋದರೆ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗಳನ್ನು ರಿಪೇರಿ ಮಾಡುವುದಕ್ಕೂ ತೆಗೆಯುವುದಕ್ಕೂ ತೊಂದರೆ.

ಒಂದೇ ಕ್ಲಿಕ್‌ಗೆ ಎಲ್ಲ ಸ್ವಚ್ಛ ಮಾಡುತ್ತೇವೆ ಎನ್ನುವ ಆ್ಯಪ್‌ಗಳೂ ಬೇಡ. ವಿಂಡೋಸ್‌ನಲ್ಲೇ ಇರುವ 'ಸ್ಟೋರೇಜ್ ಸೆನ್ಸ್' ಸಾಕು. ಅದನ್ನು ಆನ್ ಮಾಡುವಾಗ ಡೌನ್‌ಲೋಡ್ಸ್‌ನ ಸಾಲಿನಲ್ಲಿ 'ನೆವರ್' ಎಂದೇ ಇಡಿ.